ನುಂಗಲಾಗದ ವಸ್ತುವಿನ ಸುತ್ತ ಮಿದುಳು ಕಟ್ಟುವ ಗೋಡೆ

ನರಕೋಶಗಳ ವಿದ್ಯುತ್ ಸಂಕೇತಗಳನ್ನು ಆಲಿಸಲು ಮಿದುಳಿಗೆ ಎಲೆಕ್ಟ್ರೋಡ್ ಎಂಬ ತೆಳು ಕಡ್ಡಿ ಇಳಿಸಿದ ಸುಮಾರು ಅರ್ಧ ಗಂಟೆಯಲ್ಲೇ ಸುತ್ತಲಿನ ಮೈಕ್ರೋಗ್ಲಿಯಾ ಕೋಶಗಳು ಅದರತ್ತ ತಮ್ಮ ಚಾಚುಗಳನ್ನು ನೀಡತೊಡಗುತ್ತವೆ. ಸ್ಪೇನಿನ ಪಿಯೊ ದೆಲ್ ರಿಯೊ ಒರ್ಟೆಗಾ 1919ರಲ್ಲಿ ಬಣ್ಣಿಸಿದ ಈ ಕೋಶಗಳು ಮಿದುಳಿನ ಕಾವಲುಪಡೆ. ಎದುರಿಗಿರುವುದು ನುಂಗಲಾಗದಷ್ಟು ದೊಡ್ಡದಾಗಿದ್ದರೆ ಅವು ಅದಕ್ಕೆ ಅಂಟಿಕೊಂಡು ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತಲೇ ಇರುತ್ತವೆ. ಕೆಲವೇ ವಾರಗಳಲ್ಲಿ ಆಸ್ಟ್ರೋಸೈಟ್‌ಗಳು ಎಂಬ, ನರಕೋಶಗಳಿಗೆ ಆಸರೆಯಾಗುವ ನಕ್ಷತ್ರಾಕಾರದ ಕೋಶಗಳು ಒತ್ತೊತ್ತಾಗಿ ಹೆಣೆದುಕೊಂಡು ಹೊರಗಿನ ವಸ್ತುವನ್ನು ಬೇರ್ಪಡಿಸುವ ಗೋಡೆ ಕಟ್ಟುತ್ತವೆ.

ಮೊದಮೊದಲು ಸಂಶೋಧಕರನ್ನು ಕಾಡಿದ್ದು ಯಾವ ಲೋಹ ಸುರಕ್ಷಿತ ಎಂಬ ಪ್ರಶ್ನೆ. 1960ರ ದಶಕದ ಆರಂಭದಲ್ಲೇ ಬೆಕ್ಕುಗಳ ಮಿದುಳಿನಲ್ಲಿ ಬಗೆಬಗೆಯ ಲೋಹಗಳನ್ನಿಟ್ಟು ಪರೀಕ್ಷಿಸಲಾಗಿತ್ತು. 1978ರಲ್ಲಿ ಎಸ್.ಎಸ್. ಸ್ಟೆನ್ಸಾಸ್ ಮತ್ತು ಎಲ್.ಜೆ. ಸ್ಟೆನ್ಸಾಸ್ ಮೊಲಗಳ ಮೇಲೆ ಪ್ರಯೋಗ ನಡೆಸಿ, ಹಲವು ವಸ್ತುಗಳನ್ನು ನಿರಪಾಯಕಾರಿ, ಕೆರಳಿಸುವಂಥವು, ವಿಷಕಾರಿ ಎಂದು ವಿಂಗಡಿಸಿದರು. ತಾಮ್ರ, ಬೆಳ್ಳಿ ವಿಷದ ಸಾಲಿಗೆ ಸೇರಿದವು. ಚಿನ್ನ, ಪ್ಲಾಟಿನಂ ಪಾಸಾದವು.

ಆದರೆ ನಿರಪಾಯಕಾರಿ ಎನಿಸಿದ ವಸ್ತುಗಳಿಂದ ಮಾಡಿದ ಎಲೆಕ್ಟ್ರೋಡ್‌ಗಳಿಗೆ ಕೇಳಿಸುವ ಸಂಕೇತಗಳೂ ತಿಂಗಳುಗಳು ಕಳೆದಂತೆ ಮಂಕಾಗುತ್ತಿದ್ದವು. ಈ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು 2005ರಲ್ಲಿ ಯೂಟಾ ವಿಶ್ವವಿದ್ಯಾಲಯದ ತಂಡ ಇಲಿಗಳಲ್ಲಿ ಮಾಡಿದ ಹೋಲಿಕೆ. ಕೆಲವು ಇಲಿಗಳಿಗೆ ಸಿಲಿಕಾನ್ ಎಲೆಕ್ಟ್ರೋಡ್ ಚುಚ್ಚಿ ಕೂಡಲೇ ಹೊರತೆಗೆದರು, ಉಳಿದವುಗಳಲ್ಲಿ ಅದನ್ನು ಒಳಗೇ ಬಿಟ್ಟರು. ಗಾಯ ಒಂದೇ ಬಗೆಯದು. ಹಾಗಿದ್ದರೂ ಎಲೆಕ್ಟ್ರೋಡ್ ಉಳಿದ ಕಡೆ ಮಾತ್ರ ಉರಿಯೂತ ಆರದೆ ಮುಂದುವರಿಯಿತು, ಅದರಿಂದ ಸುಮಾರು 100 ಮೈಕ್ರೋಮೀಟರ್ (ಮಿಲಿಮೀಟರಿನ ಹತ್ತನೇ ಒಂದು ಭಾಗ) ಒಳಗಿನ ನರಕೋಶಗಳು ವಿರಳವಾದವು. ಒಂದೊಂದೇ ನರಕೋಶದ ಸಂಕೇತ ಎಲೆಕ್ಟ್ರೋಡಿಗೆ ಕೇಳಿಸುವುದೂ ಹೆಚ್ಚುಕಡಿಮೆ ಅಷ್ಟೇ ದೂರದವರೆಗೆ. ಯಾರ ದನಿ ಕೇಳಬೇಕಿತ್ತೋ ಅವೇ ಸಾಯುತ್ತಿದ್ದವು!

ಅಲ್ಲಿಂದಾಚೆಗೆ ಗಮನ ಗಡಸುತನದತ್ತ ಇನ್ನಷ್ಟು ಹೊರಳಿತು. ಸಿಲಿಕಾನ್ ಮಿದುಳಿಗಿಂತ ಕೋಟಿ ಪಟ್ಟಿಗೂ ಹೆಚ್ಚು ಗಡಸು. ಪ್ರತಿ ಉಸಿರಿಗೂ ನಾಡಿಮಿಡಿತಕ್ಕೂ ಮಿದುಳು ತುಸು ಅಲುಗುತ್ತದೆ. ತಲೆಬುರುಡೆಗೆ ಬಿಗಿದ ಎಲೆಕ್ಟ್ರೋಡ್ ಅದರೊಂದಿಗೆ ಅಲುಗದೆ ಅಂಗಾಂಶವನ್ನು ಉಜ್ಜುತ್ತಿರುತ್ತದೆ. (ಪಾರ್ಕಿನ್ಸನ್ ರೋಗಿಗಳಿಗೆ ಅಳವಡಿಸುವ ಪ್ರಚೋದಕಗಳ ಸುತ್ತಲೂ ಇಂಥ ಗೋಡೆ ಏಳುತ್ತದೆ. ಅವು ಕೇಳುವುದಕ್ಕಿಂತ ಹೆಚ್ಚಾಗಿ ವಿದ್ಯುತ್ ಹರಿಸುವ ಸಾಧನಗಳಾದ್ದರಿಂದ ವರ್ಷಗಟ್ಟಲೆ ಕೆಲಸ ಮಾಡುತ್ತವೆ.)

ಹಾಗಾಗಿ 7 ಮೈಕ್ರೋಮೀಟರ್ ದಪ್ಪದ ಕಾರ್ಬನ್ ನಾರುಗಳು, ಬಳುಕುವ ಪಾಲಿಮರ್ ಎಳೆಗಳು ಬಂದವು. ಅಷ್ಟು ಮೆತ್ತನೆಯ ಎಳೆ ತಾನಾಗಿ ಮಿದುಳಿಗಿಳಿಯದು, ಅದನ್ನು ಒಯ್ಯಲು ಗಡಸು ಸೂಜಿಯೇ ಬೇಕು. ಇಳಿದ ಮೇಲೆ ನೆಲೆ ನಿಲ್ಲುವುದೂ ಖಚಿತವಲ್ಲ: 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿಯ, ಮಿದುಳಿನ ಸಂಕೇತಗಳಿಂದಲೇ ಕಂಪ್ಯೂಟರ್ ನಡೆಸುವ ಸಾಧನ ಪಡೆದ ಮೊದಲ ವ್ಯಕ್ತಿಯ ಮಿದುಳಿನಿಂದ ಹಲವು ಎಳೆಗಳು ಕೆಲವೇ ವಾರಗಳಲ್ಲಿ ಹಿಂದಕ್ಕೆ ಜಾರಿದವು. ಉಳಿದ ಎಳೆಗಳ ಸಂಕೇತಗಳನ್ನೇ ಹೆಚ್ಚು ಸೂಕ್ಷ್ಮವಾಗಿ ಗ್ರಹಿಸುವಂತೆ ಸಾಫ್ಟ್‌ವೇರ್ ತಿದ್ದಿ, ಆತ ಕಂಪ್ಯೂಟರ್ ಬಳಸುವುದನ್ನು ಮುಂದುವರಿಸುವಂತೆ ಮಾಡಲಾಯಿತು.