ವಿಕ್ಟೋರಿಯಾ ಕಾಲದ ಬರೆಯುವ ಮೇಜು: ಚಿತ್ತಾರ ಮೂಡಿಸುತ್ತಿದ್ದದ್ದು ಹೇಗೆ?

ವಿಕ್ಟೋರಿಯಾ ರಾಣಿಯ ಆಳ್ವಿಕೆ 1837ರಿಂದ 1901ರವರೆಗೆ. 1840ರಲ್ಲಿ ಬ್ರಿಟನ್ನಿನಲ್ಲಿ ಪೆನ್ನಿ ಪೋಸ್ಟ್ ಬಂತು. ಒಂದು ಪೆನ್ನಿಗೆ ದೇಶದ ಯಾವ ಊರಿಗಾದರೂ ಹಗುರವಾದ ಕಾಗದ ಕಳಿಸಬಹುದಿತ್ತು. ಅನುಕೂಲಸ್ಥರ ಮನೆಯಲ್ಲಿ ಬರೆಯುವ ಮೇಜಿಗೆ ಕೆಲಸ ಜಾಸ್ತಿಯಾಯಿತು. ಹಜಾರದಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುವ ಮೇಜು, ಚೆನ್ನಾಗಿ ಕಾಣಬೇಕಲ್ವಾ?

ಮೊದಲು ಗಮನಿಸಬೇಕಾದ್ದು, ಹೊರಗೆ ಕಾಣುವ ಮರವೇ ಇಡೀ ಮೇಜಲ್ಲ. ಒಳಗಿನ ಚೌಕಟ್ಟು ಪೈನ್, ಓಕ್ ಅಥವಾ ಮಹೋಗನಿ. ಅದರ ಮೇಲೆ ವಾಲ್ನಟ್ ಅಥವಾ ರೋಸ್‌ವುಡ್‌ನ ತೆಳು ಹಾಳೆ, ಅಂದರೆ ವೆನೀರ್, ಅಂಟಿಸುತ್ತಿದ್ದರು. ಇದು ಮೋಸವಲ್ಲ. ಒಳ್ಳೆಯ ಅಂಗಡಿಗಳೂ ಹೀಗೇ ಮಾಡುತ್ತಿದ್ದವು.

ಈ ವೆನೀರಿನಲ್ಲೇ ಹೂಬಳ್ಳಿ ಮೂಡಿಸುವ ಕೆಲಸ ಮಾರ್ಕೆಟ್ರಿ. ಬೇರೆ ಬೇರೆ ಬಣ್ಣದ ಮರದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಸಣ್ಣ ಗರಗಸದಿಂದ ಒಟ್ಟಿಗೇ ಕತ್ತರಿಸುತ್ತಾರೆ. ಒಂದು ಹಾಳೆಯ ಎಲೆ ಇನ್ನೊಂದರ ತೂತಿಗೆ ಸರಿಯಾಗಿ ಕೂರುತ್ತದೆ. ನಮ್ಮ ಮೈಸೂರಿನ ಬೀಟೆ ಕೆತ್ತನೆಯ ದಾರಿ ಬೇರೆ. ಅಲ್ಲಿ ದಪ್ಪ ಹಲಗೆಯನ್ನೇ ಕೊರೆದು, ಆ ಗುಳಿಯಲ್ಲಿ ತುಂಡು ಕೂರಿಸುತ್ತಾರೆ. ಎರಡನ್ನೂ ಒಂದೇ ಅಂತ ಬರೆದರೆ ತಪ್ಪು.

ಎಸಳಿನ ಅಂಚಿನಲ್ಲಿ ಕಾಣುವ ಕಪ್ಪು ನೆರಳು ಬಣ್ಣವಲ್ಲ, ಸುಟ್ಟ ಗುರುತು. ಬಾಣಲೆಯಲ್ಲಿ ಮರಳು ಕಾಯಿಸಿ, ತುಂಡಿನ ಒಂದು ಅಂಚನ್ನು ಅದರಲ್ಲಿ ಅದ್ದುತ್ತಿದ್ದರು. ಒಂದೆರಡು ಕ್ಷಣ ಹೆಚ್ಚಾದರೆ ತುಂಡು ಇದ್ದಿಲು! ಇಡೀ ಕಸುಬಿನಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ.

ಇನ್ನೊಂದು ಬಗೆ ಬೂಲ್ ಕೆಲಸ. ಹೆಸರು ಬಂದದ್ದು ಹದಿನಾಲ್ಕನೇ ಲೂಯಿಯ ಕಾಲದ ಪ್ಯಾರಿಸ್ ಕುಶಲಕರ್ಮಿ ಆಂದ್ರೆ-ಶಾರ್ಲ್ ಬೂಲ್‌ನಿಂದ. ವಿಕ್ಟೋರಿಯಾ ಕಾಲದಲ್ಲಿ ಈ ಫ್ಯಾಷನ್ ಮತ್ತೆ ಬಂತು. ಹಿತ್ತಾಳೆ ತಗಡು, ಆಮೆ ಚಿಪ್ಪು ಎರಡನ್ನೂ ಜೊತೆಗೆ ಕತ್ತರಿಸಿದರೆ ಎರಡು ಚಿತ್ತಾರ ಸಿಗುತ್ತವೆ: ಚಿಪ್ಪಿನ ಹಿನ್ನೆಲೆಯಲ್ಲಿ ಹಿತ್ತಾಳೆ ಬಳ್ಳಿ, ಹಿತ್ತಾಳೆಯ ಹಿನ್ನೆಲೆಯಲ್ಲಿ ಚಿಪ್ಪಿನ ಬಳ್ಳಿ. ಆದರೆ ಹವೆಗೆ ತಕ್ಕಂತೆ ಕೆಳಗಿನ ಮರ ಹಿಗ್ಗಿ ಕುಗ್ಗುತ್ತದೆ, ಹಿತ್ತಾಳೆ ಹಾಗೆ ಬಾಗಿಕೊಡುವುದಿಲ್ಲ. ಹಾಗಾಗಿ ಹಳೆ ಬೂಲ್ ಮೇಜುಗಳಲ್ಲಿ ತಗಡು ಎದ್ದು ನಿಂತಿರುತ್ತದೆ.

ಮೂಲೆಗಳಲ್ಲಿರುವ ಚಿನ್ನದ ಮುಲಾಮಿನ ಕಂಚಿನ ಪಟ್ಟಿಗಳು ಸುಮ್ನೆ ಶೋಕಿಗಲ್ಲ. ವೆನೀರಿನ ಅಂಚು ಕೀಳದಂತೆ ಅವು ಕಾಯುತ್ತವೆ. ಹಿಂದೆ ಚಿನ್ನವನ್ನು ಪಾದರಸದಲ್ಲಿ ಬೆರೆಸಿ ಹಚ್ಚಿ, ಕಾಯಿಸಿ ಪಾದರಸ ಹಾರಿಸುತ್ತಿದ್ದರು. ಆ ಹೊಗೆ ಕೆಲಸಗಾರರಿಗೆ ವಿಷವಾಗಿತ್ತು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಕಂಪನಿ ವಿದ್ಯುತ್ತಿನಿಂದ ಮುಲಾಮು ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆಯಿತು.

ತಯಾರಕರನ್ನು ಗುರುತಿಸಲು ಡ್ರಾಯರ್ ಎಳೆದು ಅಂಚು ನೋಡಿ. ಗಿಲೋಸ್, ಹಾಲೆಂಡ್ ಅಂಡ್ ಸನ್ಸ್, ಎಡ್ವರ್ಡ್ಸ್ ಅಂಡ್ ರಾಬರ್ಟ್ಸ್ ಮುದ್ರೆಗಳು ಅಲ್ಲಿ ಸಿಗುವುದುಂಟು. ಬರೆಯುವ ಜಾಗಕ್ಕೆ ಅಂಟಿಸಿದ ಚರ್ಮ ನೋಡಿ ಮಾತ್ರ ಮೇಜಿನ ಕಾಲ ಹೇಳಬೇಡಿ. ಅದು ಸವೆದಾಗಲೆಲ್ಲ ಬದಲಾಯಿಸುವ ವಸ್ತು.