ತಾಯಿಯೇ ಮಗಳಾಗುವ ತೋಟ

ಕೊಡಗಿನ ಕಿತ್ತಳೆಯ ಬೀಜವೊಂದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿಡಿ. ಬೆಳಿಗ್ಗೆ ಹೊರಗಿನ ಬಿಳಿ ಸಿಪ್ಪೆಯನ್ನೂ ಅದರೊಳಗಿನ ತೆಳ್ಳನೆಯ ಕಂದು ಪೊರೆಯನ್ನೂ ಉಗುರಿನಿಂದ ಬಿಡಿಸಿದರೆ ಹಸಿರು ತಿರುಳು ಸಿಗುತ್ತದೆ. ಮೆಲ್ಲಗೆ ಅದುಮಿ ನೋಡಿ. ಅವರೆಕಾಳಿನಂತೆ ಅದು ಎರಡು ಬೇಳೆಯಾಗಿ ಸೀಳುವುದಿಲ್ಲ. ಒಂದನ್ನೊಂದು ಒತ್ತಿಕೊಂಡು ಕುಳಿತ ಮೂರೋ ನಾಲ್ಕೋ ಹಸಿರು ತುಣುಕುಗಳು ಉದುರುತ್ತವೆ. ಕೆಲವು ಸಾಸಿವೆಯಷ್ಟು ಚಿಕ್ಕವು. ಒಂದೊಂದೂ ಒಂದು ಭ್ರೂಣ. ಸೂಕ್ಷ್ಮದರ್ಶಕಕ್ಕೆ ಹೆಸರಾದ ಡಚ್ ವಿಜ್ಞಾನಿ ಲೇವನ್‌ಹುಕ್ ಕಿತ್ತಳೆ ಬೀಜದಲ್ಲಿ ಇದನ್ನು ಗಮನಿಸಿದ್ದು 1719ರಲ್ಲಿ.

ಇಷ್ಟು ಮಕ್ಕಳಲ್ಲಿ ಸಾಮಾನ್ಯವಾಗಿ ಒಂದಕ್ಕೆ ಮಾತ್ರ ಅಪ್ಪನಿದ್ದಾನೆ. ಅದು ಪರಾಗ ಬಂದು ಅಂಡದೊಡನೆ ಕೂಡಿದ್ದರಿಂದ ಹುಟ್ಟಿದ್ದು. ಉಳಿದವು ಮುಂದೆ ಬೀಜವಾಗುವ ಅಂಡಕದೊಳಗೆ ಸುತ್ತಲೂ ಇದ್ದ ತಾಯಿಯ ಅಂಗಾಂಶದಿಂದಲೇ ನೇರವಾಗಿ ಚಿಗುರಿದವು. ಅಪ್ಪನ ವಂಶವಾಹಿಯ ಸೋಂಕೂ ಅವಕ್ಕಿಲ್ಲ. ಜಾಗ ಮತ್ತು ಆಹಾರಕ್ಕಾಗಿ ಬೀಜದೊಳಗೇ ನಡೆಯುವ ನೂಕುನುಗ್ಗಲಿನಲ್ಲಿ ಗೆಲ್ಲುವುದು ಹೆಚ್ಚಾಗಿ ಈ ತದ್ರೂಪಿಗಳೇ. ಒಂದು ಬೀಜದಿಂದ ಎರಡು ಮೂರು ಸಸಿ ಎದ್ದಾಗ ನರ್ಸರಿಯವರು ಒಂದೇ ಥರ ಇರುವವನ್ನು ಉಳಿಸಿಕೊಂಡು, ಬೇರೆ ಥರ ಕಾಣುವುದನ್ನು ಕಿತ್ತೆಸೆಯುತ್ತಾರೆ. ಕಿತ್ತೆಸೆಯುವುದು ಬಹುತೇಕ ಆ ಅಪ್ಪನಿರುವ ಕೂಸನ್ನೇ! ಬೀಜದಿಂದ ಬೆಳೆಸಿದರೂ ನಮ್ಮ ಕಿತ್ತಳೆ ಅಜ್ಜನ ಕಾಲದ ರುಚಿಯನ್ನೇ ಉಳಿಸಿಕೊಂಡು ಬಂದದ್ದರ ಗುಟ್ಟು ಇದು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತೇವೆ. ಇಲ್ಲಿ ತಾಯಿಯೇ ಮಗಳು.

ಶಾಲೆಯಲ್ಲಿ ನಿರ್ಲಿಂಗ ಸಂತಾನೋತ್ಪತ್ತಿ ಎಂದರೆ ಅಮೀಬ ಎರಡಾಗುವುದು, ಹೈಡ್ರಾ ಮೊಗ್ಗೊಡೆಯುವುದು. ಹೈಡ್ರಾವನ್ನು ನಾನು ಇವತ್ತಿನವರೆಗೂ ಕಣ್ಣಾರೆ ಕಂಡಿಲ್ಲ. ಚಿತ್ರ ಬರೆದು ಅಂಕ ಪಡೆದದ್ದಷ್ಟೆ. ಶಾಲೆಗೆ ಹೋಗುವ ದಾರಿಯ ತೋಟಗಳಲ್ಲಿ ನೋಡಿದತ್ತ ಅದೇ ನಡೆಯುತ್ತಿತ್ತು ಎಂದು ಯಾರೂ ಹೇಳಲಿಲ್ಲ. ಮಳೆ ಹಿಡಿಯುವಾಗ ಹಾಲುವಾಣದ ಗೂಟ ಕಡಿದು ನೆಟ್ಟರೆ ಅದೇ ನೆರಳಿನ ಮರ. ಮುರಿದ ಶುಂಠಿಯ ತುಂಡಿನಲ್ಲಿ ಒಂದು ಕಣ್ಣಿದ್ದರೆ ಅದೇ ಹೊಸ ಗಿಡ.

ಕರಿಮೆಣಸಿನದು ಇನ್ನೂ ಸ್ವಾರಸ್ಯ. ಕೇರಳದ ಪನ್ನಿಯೂರಿನಲ್ಲಿ ಎರಡು ತಳಿಗಳನ್ನು ಕೂಡಿಸಿ ಪನ್ನಿಯೂರು-1 ತಳಿಯನ್ನು ಪಡೆದರು. ಮದುವೆ ಆದದ್ದು ಆ ಒಂದು ಸಲ. ಆಮೇಲೆ ಇವತ್ತಿನವರೆಗೆ ಬರೀ ಬಳ್ಳಿ ಕತ್ತರಿಸಿದ್ದೇ ಕತ್ತರಿಸಿದ್ದು. ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಹಂಬನ್ನು ಎರಡು ಮೂರು ಗೆಣ್ಣಿಗೆ ಒಂದರಂತೆ ಕತ್ತರಿಸಿ ಬೇರು ಬರಿಸಿದರೆ ಸಿಲ್ವರ್ ಓಕ್ ಮರವನ್ನು ತಬ್ಬಿಕೊಂಡು ಹತ್ತುತ್ತದೆ. ಅದೇ ಬಳ್ಳಿಯ ಮೇಲಿನ, ಕಾಯಿ ಬಿಡುವ ಅಡ್ಡರೆಂಬೆಯನ್ನು ತಂದು ನೆಟ್ಟರೆ? ಅದು ಹತ್ತುವ ಗೋಜಿಗೇ ಹೋಗುವುದಿಲ್ಲ, ಕುಂಡದಲ್ಲಿ ಪೊದೆಯಾಗಿ ನಿಂತು ಬೇಗನೆ ಕಾಯಿ ಕೊಡುತ್ತದೆ. ವಂಶವಾಹಿಗಳು ಎರಡರಲ್ಲೂ ಒಂದೇ. ಆದರೂ ತಾನು ಎಲ್ಲಿನ ರೆಂಬೆ ಎಂಬುದನ್ನು ತುಂಡು ಮರೆಯುವುದಿಲ್ಲ.

ಬಾಳೆ ಕಂದಿನ ಕಥೆ ಎಲ್ಲರಿಗೂ ಗೊತ್ತು. ಆದರೆ ಘಟ್ಟದ ಬಂಡೆಗಳ ಮೇಲೆ ಬೆಳೆಯುವ ಕಲ್ಲುಬಾಳೆಯನ್ನು ನೋಡಿ: ಅದಕ್ಕೆ ಕಂದು ಎಂಬುದೇ ಇಲ್ಲ. ಬದುಕಿನಲ್ಲಿ ಒಂದೇ ಸಲ ಹೂಬಿಟ್ಟು, ಕಲ್ಲಿನಂಥ ಬೀಜ ಬಿಟ್ಟು ಸಾಯುತ್ತದೆ. ಹಿತ್ತಲಿನ ಬಾಳೆಗೆ ಬೀಜವಿಲ್ಲ, ಬಂಡೆಯ ಬಾಳೆಗೆ ಕಂದಿಲ್ಲ.

ಕಂದಿನ ಸುಖಕ್ಕೆ ಬೆಲೆ ತೆತ್ತದ್ದು ಏಲಕ್ಕಿ. ಚೆನ್ನಾಗಿ ಕಾಯಿ ಬಿಡುವ ಬುಡ ಕಂಡರೆ ಅದನ್ನೇ ಸೀಳಿ ನೆಡುವುದು ರೂಢಿ. ಜೇನು ಪರಾಗ ಬೆರೆಸಿ ಆದ ಬೀಜದ ಸಸಿ ಹೇಗೋ ಏನೋ, ಕಂದಿನಲ್ಲಿ ಆ ಭಯವಿಲ್ಲ. ಆದರೆ ತಾಯಿಯ ಒಡಲಲ್ಲಿ ಕಟ್ಟೆ ರೋಗದ ವೈರಸ್ ಇದ್ದರೆ ಕಂದಿನ ಜೊತೆ ಅದೂ ಹೊಸ ಗುಂಡಿಗೆ ಇಳಿಯುತ್ತದೆ. ಎಳೆ ಎಲೆಯನ್ನು ಬೆಳಕಿಗೆ ಹಿಡಿದರೆ ನಡುನರದಿಂದ ಅಂಚಿನ ಕಡೆಗೆ ಸಾಲಾಗಿ ಓಡುವ ತಿಳಿಹಸಿರು ಗೆರೆಗಳು ಕಾಣುತ್ತವೆ. ಗೆರೆ ಕಂಡ ಮೇಲೆ ಬುಡಸಹಿತ ಕಿತ್ತು ನಾಶಮಾಡುವುದಷ್ಟೇ ಉಳಿದ ದಾರಿ. ಬೀಜದ ಮೂಲಕ ಈ ವೈರಸ್ ಹರಡುವುದಿಲ್ಲ.

ಗಿಡದಿಂದ ಗಿಡಕ್ಕೆ ಅದನ್ನು ಹೊತ್ತೊಯ್ಯುವ ಸಸ್ಯಹೇನಿನ ಸಂಸಾರವೂ ಇದೇ ಥರದ್ದು. ಹೆಣ್ಣು ಹೇನು ಗಂಡಿನ ಗೊಡವೆಯಿಲ್ಲದೆ ಮರಿಗಳನ್ನೇ ಹೆರುತ್ತದೆ, ಎಲ್ಲವೂ ಹೆಣ್ಣು. ಹುಟ್ಟುವ ಮೊದಲೇ ಆ ಮರಿಯ ಹೊಟ್ಟೆಯಲ್ಲಿ ಅದರ ಮರಿ ಬೆಳೆಯತೊಡಗಿರುತ್ತದೆ. ಅಂದರೆ ಏಲಕ್ಕಿ, ಹೇನು, ವೈರಸ್ ಮೂವರೂ ಇಲ್ಲಿ ಜೋಡಿಯಿಲ್ಲದೆ ನಕಲಾಗುವವರು. ಒಂದು ಬುಡಕ್ಕೆ ತಗಲಿದ್ದು ಪಕ್ಕದ ಬುಡಕ್ಕೆ ತಗಲದಿರಲು ಕಾರಣವಾದರೂ ಏನಿದೆ, ಎರಡೂ ಒಂದೇ ಗಿಡವಾಗಿರುವಾಗ?

ಕಿತ್ತಳೆಯ ಜಾಣತನ ಇಲ್ಲಿ ಎದ್ದು ಕಾಣುತ್ತದೆ. ಬೀಜದೊಳಗಿನ ತದ್ರೂಪಿಗೆ ತಾಯಿಮರದ ವೈರಸ್‌ಗಳು ಸಾಮಾನ್ಯವಾಗಿ ದಾಟುವುದಿಲ್ಲ. ಸಸಿ ಹಳೆಯದರ ನಕಲು, ಆದರೆ ತೊಳೆದಷ್ಟು ಶುದ್ಧ. ಅಷ್ಟಾದರೂ ಅದು ಉಳಿಯಲಿಲ್ಲ. ಎಳೆ ಚಿಗುರಿನ ಮೇಲೆ ಕೂತು ರಸ ಹೀರುವ ಪುಟ್ಟ ಕೀಟವೊಂದು ಗ್ರೀನಿಂಗ್ ರೋಗದ ಬ್ಯಾಕ್ಟೀರಿಯವನ್ನು ಹೊರಗಿನಿಂದ ತಂದು ಬಿಡುತ್ತದೆ. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ಒಂದೇ ಅಚ್ಚಿನ ಮರಗಳಲ್ಲಿ ಯಾವುದು ತಾನೇ ಅದನ್ನು ತಡೆದೀತು?

ಹೋದ ಮಳೆಗಾಲದಲ್ಲಿ ಪರಿಚಯದವರ ನರ್ಸರಿಯಿಂದ ಕಿತ್ತೆಸೆದ ಎರಡು ಸಸಿಗಳನ್ನು ಕೇಳಿ ತಂದು ಹಿತ್ತಲಲ್ಲಿ ನೆಟ್ಟಿದ್ದೇನೆ. ಒಂದರ ಎಲೆ ಉಳಿದವಕ್ಕಿಂತ ಅಗಲ, ಇನ್ನೊಂದು ಗಿಡ್ಡ. ಎರಡರಲ್ಲೂ ಮೈತುಂಬ ಮುಳ್ಳು. ಹಣ್ಣು ಕಾಣಬೇಕಾದರೆ ಇನ್ನೂ ಐದಾರು ವರ್ಷ ಕಾಯಬೇಕು. ಬಾಯಿಗಿಡಲಾಗದಷ್ಟು ಹುಳಿಯಾಗಿದ್ದರೂ ಇರಬಹುದು.