ನೆರವು ಕೊಟ್ಟು ನೋಡಿದಾಗ ಕಾಣುವ ಬುದ್ಧಿ

ಮಕ್ಕಳ ಬುದ್ಧಿಮಟ್ಟವನ್ನು ಅಳೆಯುವ ನಮ್ಮ ವೃತ್ತಿಯಲ್ಲಿ, ಪರೀಕ್ಷೆ ನಡೆಯುತ್ತಿರುವಾಗ ಮಗುವಿಗೆ ಸುಳಿವು ಕೊಡಬಾರದೆಂಬುದು ಕಟ್ಟುನಿಟ್ಟಿನ ನಿಯಮ. ಈ ನಿಯಮವನ್ನು ಬೇಕೆಂದೇ ತಿರುವುಮುರುವು ಮಾಡಿದವರಲ್ಲಿ ರೂವೆನ್ ಫಾಯರ್‌ಸ್ಟೈನ್ ಪ್ರಮುಖರು. 1921ರಲ್ಲಿ ರುಮೇನಿಯಾದ ಬೊಟೊಶಾನಿಯಲ್ಲಿ ಹುಟ್ಟಿ, 2014ರಲ್ಲಿ ನಿಧನರಾದ ಈ ಮನಶ್ಶಾಸ್ತ್ರಜ್ಞ ಧರ್ಮನಿಷ್ಠ ಯಹೂದಿಯೂ ಆಗಿದ್ದರು.

1950ರ ದಶಕದಲ್ಲಿ ಮೊರಾಕೊದಿಂದ ಇಸ್ರೇಲಿಗೆ ಹೊರಟು ದಕ್ಷಿಣ ಫ್ರಾನ್ಸಿನ ಶಿಬಿರಗಳಲ್ಲಿ ತಂಗಿದ್ದ ಯಹೂದಿ ಮಕ್ಕಳನ್ನು ಪರೀಕ್ಷಿಸುವ ಕೆಲಸ ಅವರ ಪಾಲಿಗೆ ಬಂತು. ಯೂರೋಪಿನ ಅಳತೆಗೋಲಿನ ಪ್ರಕಾರ ಅವರಲ್ಲಿ ಅನೇಕರು ಮಂದಬುದ್ಧಿಯವರು. ಆದರೆ ಪಕ್ಕದಲ್ಲಿ ಕುಳಿತು, ಪ್ರಶ್ನೆ ಕೇಳುವುದೇನೆಂದು ವಿವರಿಸಿ, ಹೋಲಿಸಿ ನೋಡುವುದನ್ನು ಕಲಿಸಿದರೆ ಅದೇ ಮಕ್ಕಳು ಮುಂದಿನ ಸಮಸ್ಯೆಯನ್ನು ಬಿಡಿಸುತ್ತಿದ್ದರು. ಮೊದಲು ಪರೀಕ್ಷಿಸಿ, ನಡುವೆ ಕಲಿಸಿ, ಮತ್ತೆ ಪರೀಕ್ಷಿಸುವ ವಿಧಾನ ರೂಪುಗೊಂಡದ್ದು ಇಂಥ ಅನುಭವದಿಂದ. ಇಲ್ಲಿ ಪರೀಕ್ಷಕ ಗಮನಿಸುವುದು ಒಟ್ಟು ಅಂಕವನ್ನಲ್ಲ. ಮಗು ಎಡವುತ್ತಿರುವುದು ಎಲ್ಲಿ, ಪೂರ್ತಿ ನೋಡುವ ಮೊದಲೇ ಆತುರದಿಂದ ಉತ್ತರಿಸುತ್ತಿದೆಯೇ, ಎರಡು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಲು ಕಷ್ಟಪಡುತ್ತಿದೆಯೇ, ಎಷ್ಟು ನೆರವು ಸಿಕ್ಕಿದಾಗ ದಾರಿ ಹಿಡಿಯಿತು, ಕಲಿತದ್ದನ್ನು ಬೇರೆ ರೂಪದ ಸಮಸ್ಯೆಗೂ ಅನ್ವಯಿಸಿತೇ ಎಂಬುದನ್ನು. ಮುಂದೆ ಅವರು ರೂಪಿಸಿದ ಕಲಿಕಾ ಕಾರ್ಯಕ್ರಮಕ್ಕೆ ಎಲ್ಲ ಅಧ್ಯಯನಗಳಲ್ಲೂ ಸಮಾನ ಫಲ ಕಂಡುಬಂದಿಲ್ಲ ಎಂಬುದನ್ನೂ ಹೇಳಬೇಕು. ಹಾಗಿದ್ದರೂ, ನೆರವು ಸಿಕ್ಕರೆ ಈ ಮಗು ಏನನ್ನು ಕಲಿಯಬಲ್ಲದು ಎಂದು ಅವರು ಎತ್ತಿದ ಮೂಲ ಪ್ರಶ್ನೆ ಹಳತಾಗಿಲ್ಲ.

ಆ ಪ್ರಶ್ನೆಯ ಹಿಂದೆ ಯಹೂದಿ ಚಿಂತನೆಯ ಒಂದು ಹಳೆಯ ಎಳೆ ನನಗೆ ಕಾಣುತ್ತದೆ. ಪ್ರತಿಯೊಬ್ಬರನ್ನೂ ಒಳಿತಿನ ತಟ್ಟೆಯ ಕಡೆಗೆ ವಾಲಿಸಿ ತೂಗಬೇಕೆಂದು ಪ್ರಾಚೀನ ಗುರು ಯೆಹೋಶುವ ಬೆನ್ ಪೆರಾಹಿಯಾ ಹೇಳಿದ್ದ. ಬ್ರೆಸ್ಲೋವಿನ ರಬ್ಬಿ, ಅಂದರೆ ಯಹೂದಿ ಧರ್ಮಗುರು, ನಹ್ಮಾನ್ (1772–1810) ಇದನ್ನು ಇನ್ನೂ ಮುಂದಕ್ಕೆ ಒಯ್ದರು: ಕೆಟ್ಟವನಲ್ಲೂ ಒಂದಿಷ್ಟು ಒಳ್ಳೆಯದನ್ನು ಹುಡುಕಿ ಕಂಡುಕೊಂಡರೆ, ಹಾಗೆ ಕಾಣುವುದರಿಂದಲೇ ಅವನು ನಿಜವಾಗಿ ಒಳಿತಿನತ್ತ ಸರಿಯುತ್ತಾನೆ. ಮನಶ್ಶಾಸ್ತ್ರಜ್ಞನ ಕಿವಿಗೆ ಇದು ಅತಿಯೆನಿಸಬಹುದು. ಆದರೆ ನೋಡುವವನು ದೂರ ನಿಂತು ತೀರ್ಪು ಕೊಡುವ ಸಾಕ್ಷಿಯಲ್ಲ, ಫಲಿತಾಂಶದಲ್ಲಿ ಅವನೂ ಭಾಗಿ ಎಂಬ ಮಾತನ್ನು ಪರೀಕ್ಷಾ ಕೊಠಡಿಯಲ್ಲಿ ಅಲ್ಲಗಳೆಯುವುದು ಕಷ್ಟ.

ನಲವತ್ತು ವರ್ಷದವರೆಗೆ ಅಕ್ಷರ ಕಲಿಯದಿದ್ದ ಕುರಿಗಾಹಿ, ಮುಂದೆ ಹೆಸರಾಂತ ಯಹೂದಿ ಗುರುವಾದ ಅಕಿವನಲ್ಲಿ ವಿದ್ವಾಂಸನನ್ನು ಕಂಡ ಅವನ ಹೆಂಡತಿಯ ಕಥೆಯನ್ನು ಈ ಸಂದರ್ಭದಲ್ಲಿ ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಯಹೂದಿಗಳ ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್‌ನಲ್ಲಿ ಬರುವ, ಸುಖಾಂತವಲ್ಲದ ಇನ್ನೊಂದು ಕಥೆ. ಜೋರ್ಡಾನ್ ನದಿಯಲ್ಲಿ ಸ್ನಾನ ಮಾಡುತ್ತಿದ್ದ ರಬ್ಬಿ ಯೊಹಾನನ್‌ನನ್ನು ಕಂಡು ದರೋಡೆಕೋರ ರೇಶ್ ಲಾಕಿಶ್ ನೀರಿಗೆ ಹಾರಿದ. ಆ ಬಲ ಧರ್ಮಾಧ್ಯಯನಕ್ಕೆ ಸಲ್ಲಬೇಕಾದದ್ದು ಎಂದ ಯೊಹಾನನ್, ಅವನನ್ನು ಕರೆದೊಯ್ದು ಓದಿಸಿ, ತಂಗಿಯನ್ನೂ ಕೊಟ್ಟು, ದೊಡ್ಡ ವಿದ್ವಾಂಸನನ್ನಾಗಿ ಮಾಡಿದ. ಮುಂದೊಂದು ದಿನ ಕತ್ತಿ, ಚೂರಿಗಳ ತಯಾರಿಕೆ ಯಾವ ಹಂತದಲ್ಲಿ ಪೂರ್ಣವಾಗುತ್ತದೆ ಎಂಬ ಶಾಸ್ತ್ರಚರ್ಚೆಯಲ್ಲಿ ಶಿಷ್ಯ ಭಿನ್ನಾಭಿಪ್ರಾಯ ತೋರಿದಾಗ, ಕಳ್ಳನಿಗೆ ಅವನ ಕಸುಬು ಗೊತ್ತಿರುತ್ತದೆ ಎಂದು ಯೊಹಾನನ್ ಹೇಳಿಬಿಟ್ಟ. ಮನಸ್ತಾಪ ಬೆಳೆಯಿತು; ರೇಶ್ ಲಾಕಿಶ್ ಕಾಯಿಲೆ ಬಿದ್ದು ಸತ್ತ. ಅವನ ಜಾಗಕ್ಕೆ ಬಂದ ವಿದ್ವಾಂಸ ಗುರುವಿನ ಪ್ರತಿ ಮಾತಿಗೂ ಆಧಾರ ಒದಗಿಸುತ್ತಿದ್ದ. ರೇಶ್ ಲಾಕಿಶ್ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ವಿಷಯ ಹಾಗೆ ವಿಶದವಾಗುತ್ತಿತ್ತು ಎಂದು ಹಲುಬಿದ ಯೊಹಾನನ್ ಕೊನೆಗೆ ಬುದ್ಧಿಭ್ರಮಣೆಗೊಂಡು ತೀರಿಕೊಂಡ.

ಸಾಮರ್ಥ್ಯವನ್ನು ಮೊದಲು ಗುರುತಿಸಿದವನೇ ಸಿಟ್ಟಿನ ಗಳಿಗೆಯಲ್ಲಿ ಹಳೆಯ ಹಣೆಪಟ್ಟಿಯನ್ನು ಮತ್ತೆ ಅಂಟಿಸಿದ. ನಮ್ಮಲ್ಲಿ ಈ ಕೆಲಸವನ್ನು ವರದಿಗಳು ಮಾಡುತ್ತವೆ. ಎರಡನೇ ತರಗತಿಯಲ್ಲಿ ಬರೆದ ಬುದ್ಧಿಮಟ್ಟದ ಸಂಖ್ಯೆ ಏಳನೇ ತರಗತಿಯ ಕಡತದಲ್ಲೂ ಹಾಗೆಯೇ ಇರುತ್ತದೆ. ಹುಡುಗ ಒಮ್ಮೆ ಲೆಕ್ಕ ತಪ್ಪಿದರೆ ಸಾಕು, ಶಿಕ್ಷಕರು ಅದನ್ನೇ ನೆನೆಯುತ್ತಾರೆ. ಸರ್ಟಿಫಿಕೇಟಿಗೆ ಸಂಖ್ಯೆ ಬೇಕಾಗುವುದರಿಂದ ಅದನ್ನು ಬರೆಯದೆ ಇರಲಾಗದು. ಅದರ ಕೆಳಗೆ ಪರೀಕ್ಷೆಯ ದಿನಾಂಕವನ್ನೂ, ಯಾವ ಬಗೆಯ ನೆರವು ಕೊಟ್ಟಾಗ ಮಗು ಏನನ್ನು ಮಾಡಿತು, ಆ ನೆರವನ್ನು ಹಿಂತೆಗೆದ ಮೇಲೆ ಎಷ್ಟು ಉಳಿಯಿತು ಎಂಬುದನ್ನೂ ನಾನು ಬರೆಯುತ್ತೇನೆ. ಇದಕ್ಕೆ ಇನ್ನೊಂದು ಭೇಟಿ ಹಿಡಿಯುತ್ತದೆ, ಪೋಷಕರು ಅದಕ್ಕೆ ಕೆಲಸಕ್ಕೆ ರಜೆ ಹಾಕಿ ಬರಬೇಕಾಗುತ್ತದೆ.